ಹಿತ್ತಲಲ್ಲಿ ಆರ್ಮಡಿಲ್ಲೊ! ನಾರ್ತ್ ಕ್ಯಾರೊಲೈನಾಗೆ ಇದು ಯಾವಾಗ ಬಂತು?

ಹೀರೆಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾವು ಶಾರ್ಲಟ್ ಹತ್ತಿರ ಇದ್ದೇವೆ. ಇತ್ತೀಚೆಗೆ ಬೆಳಿಗ್ಗೆ ಎದ್ದು ನೋಡಿದರೆ ಲಾನ್ ತುಂಬ ಗುಂಡಿ. ಆಳ ಜಾಸ್ತಿ ಇಲ್ಲ, ಒಂದು ಬೆರಳುದ್ದ ಇರಬಹುದು. ಬಾಯಿ ಅಗಲ, ಕೆಳಗೆ ಚೂಪು. ಅಳಿಲಿನ ಕೆಲಸ ಇರಬೇಕು ಅಂದುಕೊಂಡೆವು. ಸ್ಕಂಕ್ ಇರಬೇಕು ಅಂತ ಪಕ್ಕದ ಮನೆಯವರು ಹೇಳಿದರು. ಕೊನೆಗೆ ನಮ್ಮವರು ಹಿಂದಿನ ಬಾಗಿಲ ಹತ್ತಿರ ಒಂದು ಕ್ಯಾಮೆರಾ ಹಾಕಿದರು, ಸಿಕ್ಕಿಬಿದ್ದ ಕಳ್ಳ. ಮೈಮೇಲೆ ಪಟ್ಟಿ ಪಟ್ಟಿ ಚಿಪ್ಪು, ಕತ್ತೆ ಕಿವಿ, ಉದ್ದ ಬಾಲ. ಮೂಗು ನೆಲಕ್ಕೆ ಹಚ್ಚಿಕೊಂಡು ನನ್ನ ಹೀರೆಕಾಯಿ ಚಪ್ಪರದ ಕೆಳಗೆ ಆರಾಮಾಗಿ ಅಗೆಯುತ್ತಿದೆ, ದೀಪ ಹಾಕಿದರೂ ತಲೆ ಎತ್ತಿ ನೋಡಲಿಲ್ಲ.

ಊರಿಂದ ಬಂದಿರುವ ಅತ್ತೆ ವಿಡಿಯೊ ನೋಡಿ "ಇದು ನಮ್ಮ ಕಡೆಯ ಚಿಪ್ಪುಹಂದಿ ಅಲ್ವಾ" ಅಂದರು. ನಾನು ಇದು ಆರ್ಮಡಿಲ್ಲೊ ಅಂದೆ, ಆದರೆ ಎರಡಕ್ಕೂ ಏನು ಸಂಬಂಧ ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಆರ್ಮಡಿಲ್ಲೊ ಅಂದರೆ ಟೆಕ್ಸಾಸ್ ಪ್ರಾಣಿ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಇಲ್ಲಿಗೆ ಹೇಗೆ ಬಂತು? ಯಾರಾದರೂ ತಂದು ಬಿಟ್ಟಿದ್ದಾರಾ?

ಇನ್ನೊಂದು ವಿಷಯ, ಅದೇ ನನ್ನ ನಿಜವಾದ ತಲೆನೋವು. ಇದರಿಂದ ಕುಷ್ಠ ಬರುತ್ತದೆ ಅಂತ ಯಾರೋ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ನಮ್ಮ ಮಗ ಚಿಕ್ಕವನು, ದಿನವಿಡೀ ಆ ಮಣ್ಣಿನಲ್ಲೇ ಆಡುತ್ತಾನೆ. ಅತ್ತೆ ಬರಿಗೈಯಲ್ಲೇ ಮೆಂತ್ಯ, ಹರಿವೆ ಬಿತ್ತುತ್ತಾರೆ. ಕುಷ್ಠ ಅನ್ನುವ ಮಾತು ಕಿವಿಗೆ ಬಿದ್ದಾಗಿನಿಂದ ಅವರು ಹಿತ್ತಲಿಗೇ ಕಾಲಿಡುತ್ತಿಲ್ಲ. ಕೀಟನಾಶಕದ ಕಂಪನಿಯವರೊಬ್ಬರನ್ನು ಕರೆಸಿದೆ. ಅವರು ಲಾನಿಗೆಲ್ಲ ಔಷಧಿ ಹೊಡೆಯುತ್ತೇವೆ ಅಂತ ದೊಡ್ಡ ಮೊತ್ತ ಹೇಳಿ ಹೋದರು. ಗೊತ್ತಿರುವವರು ದಯವಿಟ್ಟು ಹೇಳಿ. ಸುಮ್ನೆ ಹೆದರಿಸಬೇಡಿ, ಹಾಗಂತ ಸಮಾಧಾನಕ್ಕೆ ಸುಳ್ಳೂ ಹೇಳಬೇಡಿ.

ಹ್ಯೂಸ್ಟನ್ ಹಳಬ:

ಹೀರೆಬಳ್ಳಿ ಅವರೇ, ನಮ್ಮ ಸಂಘಕ್ಕೆ ಸ್ವಾಗತ :) ಇಲ್ಲಿ ನಮಗೆ ಇದು ಬೀದಿನಾಯಿಗಿಂತ ಮಾಮೂಲು. ಟೆಕ್ಸಾಸ್‌ನವರು 1995ರಲ್ಲಿ ಇದನ್ನು ರಾಜ್ಯದ ಅಧಿಕೃತ ಸಣ್ಣ ಸಸ್ತನಿ ಅಂತ ಘೋಷಿಸಿಕೊಂಡರು. ದೊಡ್ಡ ಸಸ್ತನಿ ಲಾಂಗ್‌ಹಾರ್ನ್ ದನ. ಆದರೆ ತಮಾಷೆ ಏನೆಂದರೆ ಇದು ಟೆಕ್ಸಾಸ್‌ನ ಮೂಲನಿವಾಸಿಯೇನೂ ಅಲ್ಲ, ನಮ್ಮ ಹಾಗೆ ಆಮೇಲೆ ಬಂದದ್ದು. 1850ರ ಆಸುಪಾಸಿನಲ್ಲಿ ಮೆಕ್ಸಿಕೊ ಕಡೆಯಿಂದ ರಿಯೊ ಗ್ರಾಂಡೆ ನದಿ ದಾಟಿ ದಕ್ಷಿಣ ಟೆಕ್ಸಾಸ್‌ಗೆ ಕಾಲಿಟ್ಟಿತು. ಅಲ್ಲಿಂದ ನಿಂತೇ ಇಲ್ಲ.

ನದಿ ಹೇಗೆ ದಾಟಿತು ಅಂತ ಕೇಳಬೇಡಿ, ಅದಕ್ಕೆ ಎರಡು ವಿದ್ಯೆ ಗೊತ್ತು. ಸಣ್ಣ ಹಳ್ಳವಾದರೆ ಉಸಿರು ಬಿಗಿಹಿಡಿದು ತಳದಲ್ಲೇ ನಡೆದು ಹೋಗುತ್ತದೆ, ಆರು ನಿಮಿಷದವರೆಗೂ ಉಸಿರು ಕಟ್ಟಬಲ್ಲದು. ಅಗಲದ ನೀರಾದರೆ ಗಾಳಿ ನುಂಗಿ ಹೊಟ್ಟೆ, ಕರುಳು ಉಬ್ಬಿಸಿಕೊಂಡು ತೇಲುತ್ತಾ ಈಜುತ್ತದೆ. ಚಿಪ್ಪು ಭಾರ ಇರುವುದರಿಂದ ಗಾಳಿ ತುಂಬದಿದ್ದರೆ ಮುಳುಗುತ್ತದೆ.

ನಿಮ್ಮ ಅತ್ತೆಗೆ ಹೇಳಿ, ಇದಕ್ಕೂ ಚಿಪ್ಪುಹಂದಿಗೂ ನೆಂಟಸ್ತನ ಇಲ್ಲ. ನಮ್ಮ ಚಿಪ್ಪುಹಂದಿಗೆ ಇರುವುದು ನಮ್ಮ ಉಗುರಿನ ಜಾತಿಯ ಹುರುಪೆ, ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ. ಇದಕ್ಕೆ ಚರ್ಮದೊಳಗೇ ಮೂಳೆಯ ಹಲಗೆಗಳು. ಇದರ ಬಳಗವೆಲ್ಲ ಅಮೆರಿಕ ಖಂಡಗಳಲ್ಲೇ ಇರುವುದು, ಹೆಚ್ಚಿನವು ದಕ್ಷಿಣ ಅಮೆರಿಕದಲ್ಲಿ. ಹತ್ತಿರದ ನೆಂಟರು ಸ್ಲಾತ್ ಮತ್ತು ಇರುವೆಭಕ್ಷಕ. ಕಾರ್ಟೂನಿನಲ್ಲಿ ತೋರಿಸುವ ಹಾಗೆ ಪೂರ್ತಿ ಚೆಂಡಾಗಿ ಸುತ್ತಿಕೊಳ್ಳುವುದೂ ಈ ಜಾತಿಗೆ ಬರುವುದಿಲ್ಲ, ಅದು ದಕ್ಷಿಣ ಅಮೆರಿಕದ ಮೂರು ಪಟ್ಟಿಯದರ ಕಸುಬು. ನಮ್ಮದು ಒಂಬತ್ತು ಪಟ್ಟಿಯದು. ಹೆದರಿದರೆ ಏನು ಮಾಡುತ್ತದೆ ಗೊತ್ತಾ? ನಿಂತಲ್ಲೇ ಮೂರು ನಾಲ್ಕು ಅಡಿ ಮೇಲಕ್ಕೆ ನೆಗೆಯುತ್ತದೆ! ನಾಯಿ, ಕೊಯೋಟೆ ಎದುರಿಗೆ ಇದು ಒಳ್ಳೆ ಉಪಾಯ. ಕಾರಿನ ಕೆಳಗೆ ಅಲ್ಲ. ಚಕ್ರಗಳ ಮಧ್ಯೆ ಸುಮ್ಮನೆ ಕೂತಿದ್ದರೆ ಬದುಕುತ್ತಿತ್ತು, ಅದು ನೆಗೆದು ಬಂಪರ್‌ಗೆ ತಲೆ ಕೊಡುತ್ತದೆ. ಇಲ್ಲಿನ ಹೈವೇ ಬದಿಯಲ್ಲಿ ನಿಮಗೆ ಕಾಣುವುದೆಲ್ಲ ಹಾಗೆ ಸತ್ತವೇ.

1930ರ ದಶಕದ ಬಡತನದಲ್ಲಿ ಇದನ್ನು ಹಿಡಿದು ತಿನ್ನುತ್ತಿದ್ದರು. ಆಗಿನ ಅಧ್ಯಕ್ಷ ಹೂವರ್ ಮೇಲಿನ ಸಿಟ್ಟಿಗೆ "ಹೂವರ್ ಹಂದಿ" ಅಂತ ಅಡ್ಡಹೆಸರು ಬೇರೆ. ಕಂಫರ್ಟ್ ಅಂತ ಒಂದು ಊರಿದೆ ಇಲ್ಲಿ, ಅಲ್ಲಿ ಇದರ ಚಿಪ್ಪಿನಿಂದ ಬುಟ್ಟಿ ಮಾಡಿ ಮಾರುವ ಕಾರ್ಖಾನೆಯೇ ಇತ್ತು. ಬಾಲವನ್ನು ಬಾಯಿಗೆ ಸಿಕ್ಕಿಸಿದರೆ ಅದೇ ಹಿಡಿಕೆ. ಹಳೆ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ, ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ.

ಕುಷ್ಠದ ಬಗ್ಗೆ ನಾನು ಮಾತಾಡುವುದಿಲ್ಲ, ಇಲ್ಲಿ ಡಾಕ್ಟರ್ ಒಬ್ಬರಿದ್ದಾರೆ, ಅವರು ಬರಲಿ. ಕೀಟನಾಶಕದವರಿಗೆ ಮಾತ್ರ ಈಗಲೇ ದುಡ್ಡು ಕೊಡಬೇಡಿ.

ಕಾಫಿಪುಡಿ:

ಇದರಲ್ಲಿ ಕೇಳುವುದೇನಿದೆ, ಭೂಮಿ ಬಿಸಿಯಾಗುತ್ತಿದೆ, ಅದಕ್ಕೇ ಟೆಕ್ಸಾಸ್ ಪ್ರಾಣಿ ಉತ್ತರಕ್ಕೆ ಬರುತ್ತಿದೆ. ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಮೊಸಳೆಯೂ ಬರುತ್ತದೆ ನೋಡಿ. ಹೇಳಿದರೆ ಯಾರೂ ನಂಬಲ್ಲ.

ನಕ್ಷೆಹುಚ್ಚ:

@ಕಾಫಿಪುಡಿ, ಅರ್ಧ ಸರಿ. ಆದರೆ ಆ ಉತ್ತರ ತುಂಬಾ ಸಲೀಸು, ಅದರಿಂದ ಹಳೆಯ ಕಥೆ ಪೂರ್ತಿ ಮುಚ್ಚಿಹೋಗುತ್ತದೆ. ಹಳಬರು ಹೇಳಿದರಲ್ಲ, 1850ರ ಆಸುಪಾಸಿನಲ್ಲಿ ರಿಯೊ ಗ್ರಾಂಡೆ ದಾಟಿತು ಅಂತ. ಆಗ ಯಾವ ಭೂಮಿ ಬಿಸಿಯಾಗಿತ್ತು? ಅದು ಹೊರಟದ್ದಕ್ಕೆ ಕಾರಣ ಬೇರೆ, ಈಗ ಎಲ್ಲಿಯವರೆಗೆ ಹೋಗಬಲ್ಲದು ಅನ್ನುವುದಕ್ಕೆ ಕಾರಣ ಬೇರೆ. ಇವೆರಡನ್ನು ಬೇರೆ ಬೇರೆ ನೋಡಬೇಕು.

ಹೊರಟದ್ದು ಯಾಕೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಆ ಕಾಲಕ್ಕೆ ದಕ್ಷಿಣ ಟೆಕ್ಸಾಸ್‌ನಲ್ಲಿ ಜನ ಬಂದು ನೆಲೆಸಿದರು, ದನ ಮೇಯಿಸಿದರು. ಹುಲ್ಲುಗಾವಲಿಗೆ ಆಗಾಗ ಬೀಳುತ್ತಿದ್ದ ಬೆಂಕಿ ಕಡಿಮೆಯಾಯಿತು, ಬಯಲು ಹೋಗಿ ಕುರುಚಲು ಪೊದೆ ಬೆಳೆಯಿತು. ಇದಕ್ಕೆ ಬೇಕಾದದ್ದೂ ಅದೇ. ತೋಳ, ಪೂಮಾಗಳನ್ನು ಜನ ಹೊಡೆದು ಮುಗಿಸಿದರು. ಇದನ್ನು ಹಿಡಿದು ತಿನ್ನುವ ದೊಡ್ಡ ಪ್ರಾಣಿಗಳು ಉಳಿಯಲಿಲ್ಲ. ರಸ್ತೆ, ರೈಲು, ಸೇತುವೆಗಳು ಬಂದವು. ಇಪ್ಪತ್ತನೇ ಶತಮಾನದ ಮೊದಲರ್ಧ ಮುಗಿಯುವಷ್ಟರಲ್ಲಿ ಲೂಸಿಯಾನಾ ದಾಟಿ ಮಿಸಿಸಿಪ್ಪಿ ನದಿಯ ಆಚೆಗೂ ಇತ್ತು.

ಫ್ಲೋರಿಡಾದ ಕಥೆಯೇ ಬೇರೆ. ಅಲ್ಲಿಗೆ ಅದು ನಡೆದು ಬರಲಿಲ್ಲ, ಜನ ತಂದರು. 1920ರ ದಶಕದಲ್ಲಿ ಕೊಕೊ ಅನ್ನುವ ಊರಿನ ಒಂದು ಸಣ್ಣ ಖಾಸಗಿ ಮೃಗಾಲಯದಿಂದ ಕೆಲವು ತಪ್ಪಿಸಿಕೊಂಡವು. ಬೇರೆಯವರು ಸಾಕಲು ತಂದು ಬಿಟ್ಟವೂ ಇದ್ದವು. ಅವು ಅಲ್ಲೇ ಮರಿ ಹಾಕಿ, ಹೆಚ್ಚಿ, ಉತ್ತರಕ್ಕೂ ಪಶ್ಚಿಮಕ್ಕೂ ಹರಡಿದವು. ಆ ಕಡೆಯಿಂದ ಟೆಕ್ಸಾಸ್ ಗುಂಪು, ಈ ಕಡೆಯಿಂದ ಫ್ಲೋರಿಡಾ ಗುಂಪು, 1970ರ ದಶಕದ ಹೊತ್ತಿಗೆ ಎರಡೂ ಒಂದಕ್ಕೊಂದು ಸೇರಿಕೊಂಡವು. ಹೀರೆಬಳ್ಳಿ ಅವರೇ, "ಯಾರಾದರೂ ತಂದು ಬಿಟ್ಟಿದ್ದಾರಾ" ಅಂತ ಕೇಳಿದಿರಲ್ಲ, ಅದರ ಉತ್ತರ ಇದು: ನಿಮ್ಮ ಹಿತ್ತಲಿಗೆ ಯಾರೂ ತಂದು ಬಿಟ್ಟಿರಲಿಕ್ಕಿಲ್ಲ, ಆದರೆ ಅದರ ಅಜ್ಜ ಮುತ್ತಜ್ಜನನ್ನು ಯಾರೋ ಬಿಟ್ಟಿದ್ದಿರಬಹುದು.

ವೇಗ ಎಷ್ಟು ಅಂದರೆ, ಅಡ್ಡಿ ಇಲ್ಲದ ಕಡೆ ಇದರ ಗಡಿ ವರ್ಷಕ್ಕೆ 4ರಿಂದ 10 ಕಿಲೋಮೀಟರ್ ಮುಂದಕ್ಕೆ ಹೋಗಿದೆ ಅಂತ 1970ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಇಷ್ಟು ಕುಳ್ಳ ಕಾಲಿನ, ಕಣ್ಣು ಮಂದ ಇರುವ ಪ್ರಾಣಿಗೆ ಇದು ಕಮ್ಮಿಯಲ್ಲ. ಇದಕ್ಕೆ ಮರಿ ಹಾಕುವ ರೀತಿಯೂ ಒಂದು ಕಾರಣ. ಹೆಣ್ಣು ಪ್ರತಿ ಸಲ ನಾಲ್ಕು ಮರಿ ಹಾಕುತ್ತದೆ, ನಾಲ್ಕೂ ಒಂದೇ ಮೊಟ್ಟೆಯಿಂದ ಒಡೆದವು. ಎಲ್ಲವೂ ಗಂಡು, ಇಲ್ಲವೇ ಎಲ್ಲವೂ ಹೆಣ್ಣು. ಬೇಸಿಗೆಯಲ್ಲಿ ಕೂಡಿದರೂ ಭ್ರೂಣ ತಿಂಗಳುಗಟ್ಟಲೆ ಗರ್ಭಕೋಶಕ್ಕೆ ಅಂಟದೆ ಸುಮ್ಮನೆ ಕಾಯುತ್ತದೆ, ಚಳಿಗಾಲ ಬರುವಾಗ ಅಂಟಿಕೊಂಡು ಬೆಳೆಯಲು ಶುರು ಮಾಡುತ್ತದೆ, ವಸಂತದಲ್ಲಿ ಹುಳಹುಪ್ಪಟೆ ಹೇರಳವಾಗಿ ಸಿಗುವ ಹೊತ್ತಿಗೆ ಮರಿ ಹೊರಗೆ. ಬೋನಿನಲ್ಲಿಟ್ಟ ಹೆಣ್ಣುಗಳು ಗಂಡಿನ ಮುಖ ನೋಡದೆ ವರ್ಷ ದಾಟಿದ ಮೇಲೂ ಮರಿ ಹಾಕಿದ್ದುಂಟು. ಅಂದರೆ ಲಾರಿಯಲ್ಲೋ ಗೂಡ್ಸ್ ರೈಲಿನಲ್ಲೋ ಸಿಕ್ಕಿಕೊಂಡು ಒಂದೇ ಒಂದು ಬಸುರಿ ದೂರದ ಊರಿಗೆ ಹೋಗಿ ಇಳಿದರೂ ಅಲ್ಲಿ ಐದು ಪ್ರಾಣಿ ಆಗುತ್ತವೆ.

ಈಗ ಚಳಿಯ ವಿಷಯ. ಇದರ ಮೈ ಬಿಸಿ ಸುಮಾರು 34 ಡಿಗ್ರಿ ಸೆಲ್ಸಿಯಸ್, ಸಸ್ತನಿಗಳಲ್ಲಿ ತಣ್ಣಗಿನ ಜಾತಿ. ಕೂದಲು ಇಲ್ಲವೆನ್ನುವಷ್ಟು ಕಡಿಮೆ, ಕೊಬ್ಬೂ ಕಡಿಮೆ. ಕರಡಿ ಹಾಗೆ ಚಳಿಗಾಲ ಪೂರ್ತಿ ಮಲಗಿ ಕಳೆಯುವುದೂ ಇದಕ್ಕೆ ಆಗದು. ನೆಲ ಹೆಪ್ಪುಗಟ್ಟಿದರೆ ಹುಳ ಸಿಗುವುದಿಲ್ಲ, ಹಾಗೇ ಸಾಲಾಗಿ ದಿನಗಳು ಕಳೆದರೆ ಹಸಿವಿಗೇ ಸಾಯುತ್ತದೆ. ಅದಕ್ಕೇ 1996ರಲ್ಲಿ ಇಬ್ಬರು ವಿಜ್ಞಾನಿಗಳು ಒಂದು ಗೆರೆ ಎಳೆದರು: ಜನವರಿಯ ಸರಾಸರಿ ಮೈನಸ್ 2 ಡಿಗ್ರಿಗಿಂತ ಕೆಳಗೆ ಹೋಗದ, ವರ್ಷಕ್ಕೆ 380 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದು ಬದುಕಬಲ್ಲದು ಅಂತ. ಆ ಲೆಕ್ಕದಲ್ಲಿ ಶಾರ್ಲಟ್ ಗಡಿಯೂ ಅಲ್ಲ, ಆರಾಮಾಗಿ ಒಳಗೇ ಬೀಳುತ್ತದೆ. ಹಿಮ ಬಿದ್ದರೂ ನಿಮ್ಮಲ್ಲಿ ಎರಡು ದಿನಕ್ಕೆ ಕರಗುತ್ತದೆ ಅಲ್ವಾ? ಅಷ್ಟು ಸಮಯ ಬಿಲದಲ್ಲಿ ಕೂತು ಕಳೆಯುತ್ತದೆ. ಚಳಿಗಾಲದಲ್ಲಿ ರಾತ್ರಿ ಬಿಟ್ಟು ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬರುವುದನ್ನೂ ಕಲಿತುಕೊಂಡಿದೆ.

ಅಂದರೆ ನಿಮ್ಮ ಊರಿಗೆ ತಾಪಮಾನ ಏರದಿದ್ದರೂ ಇದು ಬರುತ್ತಿತ್ತು, ದಾರಿಯಲ್ಲಿತ್ತು ಅಷ್ಟೇ. ಬಿಸಿಯಾಗುತ್ತಿರುವುದರ ಪರಿಣಾಮ ನಿಜವಾಗಿ ಕಾಣುವುದು ಇನ್ನೂ ಮೇಲೆ. ಮಿಸ್ಸೂರಿಯಲ್ಲಿ 1980ಕ್ಕೆ ಮೊದಲು ಅಪರೂಪವಾಗಿದ್ದದ್ದು ಈಗ ದಕ್ಷಿಣ ಭಾಗದಲ್ಲಿ ಸಾಮಾನ್ಯ. ಇಲಿನಾಯ್, ಇಂಡಿಯಾನಾ, ನೆಬ್ರಾಸ್ಕಾ ತನಕ ಹೋಗಿದೆ. ಅಲ್ಲಿ ಸಿಗುವ ಕೆಲವಕ್ಕೆ ಕಿವಿ ತುದಿ, ಬಾಲದ ತುದಿ ಚಳಿಗೆ ಕೊಳೆತು ಉದುರಿರುತ್ತದೆ. ಒಂದು ಕೆಟ್ಟ ಚಳಿಗಾಲ ಬಂದರೆ ಗಡಿ ಹಿಂದಕ್ಕೆ ಸರಿಯುತ್ತದೆ, ನಾಲ್ಕು ಒಳ್ಳೆಯ ಚಳಿಗಾಲ ಬಂದರೆ ಮತ್ತೆ ಮುಂದೆ. ಕೆಟ್ಟವು ಕಡಿಮೆಯಾಗುತ್ತಿವೆ, ಕಾಫಿಪುಡಿ ಹೇಳಿದ್ದು ನಿಜವಾಗುವುದು ಅಲ್ಲಿ.

ನಾರ್ತ್ ಕ್ಯಾರೊಲೈನಾದಲ್ಲಿ ಮೊದಲು ಖಚಿತವಾಗಿ ಸಿಕ್ಕದ್ದು 2007ರಲ್ಲಿ, ಪಶ್ಚಿಮದ ಬೆಟ್ಟದ ಕಡೆಯ ಮೇಕನ್ ಕೌಂಟಿಯಲ್ಲಿ. ಅಲ್ಲಿಂದ ಈಚೆಗೆ ಹತ್ತಾರು ಕೌಂಟಿಗಳಲ್ಲಿ ಕಂಡಿದೆ.

ಕೊನೆಗೆ ಒಂದು ಸುದ್ದಿ, ಇಂಥದ್ದರಲ್ಲಿ ಆಸಕ್ತಿ ಇರುವವರಿಗೆ. ಅಮೆರಿಕದಿಂದ ಅರ್ಜೆಂಟೀನಾವರೆಗೆ ಒಂದೇ ಜಾತಿ ಅಂತ ಇದ್ದ ಒಂಬತ್ತು ಪಟ್ಟಿಯ ಆರ್ಮಡಿಲ್ಲೊವನ್ನು 2024ರಲ್ಲಿ ಡಿಎನ್‌ಎ ನೋಡಿ ನಾಲ್ಕು ಜಾತಿಯಾಗಿ ಒಡೆದಿದ್ದಾರೆ. ಅಮೆರಿಕದಲ್ಲಿರುವುದಕ್ಕೆ ಈಗ ಡಾಸಿಪಸ್ ಮೆಕ್ಸಿಕಾನಸ್ ಅಂತ ಹೆಸರು. ಪುಸ್ತಕಗಳಲ್ಲಿ ಹಳೆಯ ಹೆಸರೇ ಇನ್ನೂ ಬಹಳ ದಿನ ಇರುತ್ತದೆ.

ಚರ್ಮದ ಡಾಕ್ಟರ್:

ಹೀರೆಬಳ್ಳಿ ಮೇಡಂ, ನಾನು ಹುಬ್ಬಳ್ಳಿ ಕಡೆಯವನು, ಚರ್ಮರೋಗದ ವೈದ್ಯ. ಕುಷ್ಠದ ರೋಗಿಗಳನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ, ಆರ್ಮಡಿಲ್ಲೊ ಮಾತ್ರ ಒಂದನ್ನೂ ನೋಡಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ವಾಟ್ಸಾಪ್ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮ ಮಗನಿಗೆ ಅಪಾಯ ತೀರಾ ಕಡಿಮೆ.

ಕುಷ್ಠದ ಬ್ಯಾಕ್ಟೀರಿಯಾ ತಣ್ಣಗಿನ ಜಾಗ ಇಷ್ಟಪಡುತ್ತದೆ. ನಮ್ಮ ಮೈಯಲ್ಲೂ ಅದು ಹಿಡಿಯುವುದು ಮೂಗು, ಕಿವಿ, ಚರ್ಮ, ಚರ್ಮದ ಹತ್ತಿರದ ನರಗಳನ್ನು. ಆರ್ಮಡಿಲ್ಲೊ ಮೈಯೇ ತಣ್ಣಗೆ, ಅದಕ್ಕೆ ಅಲ್ಲಿ ಚೆನ್ನಾಗಿ ಬೆಳೆಯುತ್ತದೆ. ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಇವತ್ತಿಗೂ ಆಗಿಲ್ಲ. ಇಲಿಯ ಪಾದ ಬಿಟ್ಟರೆ ಆರ್ಮಡಿಲ್ಲೊನೇ ಗತಿ. 1970ರ ದಶಕದ ಆರಂಭದಲ್ಲಿ ಈ ದಾರಿ ಸಿಕ್ಕಿತು. ಅದಕ್ಕೆ ಮೊದಲು ಸಂಶೋಧನೆಗೆ ಬೇಕಾದಷ್ಟು ಬ್ಯಾಕ್ಟೀರಿಯಾ ಸಿಗುವುದೇ ಕಷ್ಟವಾಗಿತ್ತು. ನಮ್ಮ ಕ್ಷೇತ್ರಕ್ಕೆ ಈ ಪ್ರಾಣಿ ಮಾಡಿದ ಉಪಕಾರ ದೊಡ್ಡದು.

2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ದಕ್ಷಿಣ ಭಾಗದ ರೋಗಿಗಳನ್ನೂ ಕಾಡಿನ ಆರ್ಮಡಿಲ್ಲೊಗಳನ್ನೂ ಹೋಲಿಸಿದರು. ಸೋಂಕಿದ್ದ 33 ಆರ್ಮಡಿಲ್ಲೊಗಳಲ್ಲಿ 28ರಲ್ಲಿ, ಆ ಪ್ರದೇಶದ 39 ರೋಗಿಗಳಲ್ಲಿ 25 ಮಂದಿಯಲ್ಲಿ ಇದ್ದದ್ದು ಒಂದೇ ತಳಿ. ಹಾಗಾಗಿ ಪ್ರಾಣಿಯಿಂದ ಮನುಷ್ಯರಿಗೆ ಬರುತ್ತದೆ ಅನ್ನುವುದರಲ್ಲಿ ಅನುಮಾನ ಉಳಿದಿಲ್ಲ. ಆದರೆ ಯಾರಿಗೆ ಬರುವ ಸಾಧ್ಯತೆ ಹೆಚ್ಚು? ಅದನ್ನು ಹಿಡಿದು, ಕೊಯ್ದು, ಮಾಂಸ ತಿನ್ನುವವರಿಗೆ. ಲಾನಿನಲ್ಲಿ ಅದು ನಡೆದು ಹೋದ ಮಾತ್ರಕ್ಕೆ ಅಲ್ಲ. ನೂರಕ್ಕೆ 95 ಜನರಿಗೆ ಹುಟ್ಟಿನಿಂದಲೇ ಈ ರೋಗ ತಡೆಯುವ ಶಕ್ತಿ ಇರುತ್ತದೆ. ಅಮೆರಿಕದಂಥ ದೊಡ್ಡ ದೇಶದಲ್ಲಿ ವರ್ಷಕ್ಕೆ ಸಿಗುವ ಹೊಸ ರೋಗಿಗಳು ಇನ್ನೂರರ ಆಸುಪಾಸು, ಅವರಲ್ಲೂ ಬಹಳ ಮಂದಿ ಬೇರೆ ದೇಶಗಳಲ್ಲಿ ಬಾಳಿ ಬಂದವರು. ನಮ್ಮ ದೇಶದಲ್ಲಿ ಒಂದೂ ಆರ್ಮಡಿಲ್ಲೊ ಇಲ್ಲದೆ ವರ್ಷಕ್ಕೆ ಲಕ್ಷದ ಮೇಲೆ ಹೊಸ ರೋಗಿಗಳು, ಜಗತ್ತಿನ ಅರ್ಧಕ್ಕಿಂತ ಜಾಸ್ತಿ. ನಿಮ್ಮ ಅತ್ತೆಗೆ ಇದನ್ನು ಹೇಳಿ. ಹೆದರುವುದಾದರೆ ಊರಲ್ಲೇ ಹೆದರಬೇಕಿತ್ತು, ಅಲ್ಲೂ ಹೆದರುವ ಅಗತ್ಯ ಇಲ್ಲ. ಮಾತ್ರೆಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ ಇದು, ಆರು ತಿಂಗಳೋ ಒಂದು ವರ್ಷವೋ ನುಂಗಬೇಕು ಅಷ್ಟೇ.

ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ, ನನಗೆ ಅದು ಬೇಸರ. ಈ ತಳಿ ಆರ್ಮಡಿಲ್ಲೊಗೆ ಬಂದದ್ದು ಮನುಷ್ಯರಿಂದ! ಯುರೋಪಿನವರು ಹಡಗಿನಲ್ಲಿ ಬರುವಾಗ ತಂದ ಕಾಯಿಲೆ ಅದು. ನಾವು ಕೊಟ್ಟದ್ದು, ಈಗ ಅದನ್ನೇ ಕಂಡರೆ ಕಲ್ಲು ಹೊಡೆಯುತ್ತೇವೆ.

ನಕ್ಷೆಹುಚ್ಚ ಅವರು ಎರಡು ಗುಂಪಿನ ಮಾತು ಎತ್ತಿದರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಫ್ಲೋರಿಡಾ ಕಡೆಯ ಗುಂಪಿನಲ್ಲಿ ಈ ಸೋಂಕು ಇಲ್ಲ ಅಂತ ಬಹಳ ಕಾಲ ನಂಬಿದ್ದರು. 2015ರಲ್ಲಿ ಆಗ್ನೇಯ ರಾಜ್ಯಗಳ 645 ಆರ್ಮಡಿಲ್ಲೊಗಳನ್ನು ಪರೀಕ್ಷಿಸಿದ ವರದಿ ಬಂತು, ಸುಮಾರು ನೂರಕ್ಕೆ 16ರಲ್ಲಿ ಸೋಂಕಿನ ಗುರುತು ಇತ್ತು. ಪ್ರಾಣಿ ಹರಡಿದಂತೆ ಕಾಯಿಲೆಯೂ ಜೊತೆಗೆ ಹೊರಟಿದೆ ಅಂತ ಅರ್ಥ. ಅದಕ್ಕೇ ನೀವು ಇಷ್ಟು ಮಾಡಿ ಸಾಕು: ಕೈಯಿಂದ ಮುಟ್ಟಬೇಡಿ, ಸತ್ತದ್ದನ್ನಂತೂ ಬರಿಗೈಯಲ್ಲಿ ಎತ್ತಲೇಬೇಡಿ. ಗಿಡ ನೆಡುವಾಗ ಕೈಗವಸು ಹಾಕಿ. ಮಗು ಆಡಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಸೊಪ್ಪು ತೊಳೆದು ಬೇಯಿಸಿ. ಇವೆಲ್ಲ ಆರ್ಮಡಿಲ್ಲೊ ಇಲ್ಲದಿದ್ದರೂ ಮಾಡಬೇಕಾದ್ದೇ. ಮುಂದೆ ಯಾವತ್ತಾದರೂ ಮೈಮೇಲೆ ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಕಂಡರೆ ಅಲ್ಲಿನ ಡಾಕ್ಟರಿಗೆ "ಹಿತ್ತಲಲ್ಲಿ ಆರ್ಮಡಿಲ್ಲೊ ಇತ್ತು, ನಾವು ಭಾರತದವರು" ಅಂತ ಎರಡನ್ನೂ ಹೇಳಿ. ಅಲ್ಲಿನ ಎಷ್ಟೋ ಡಾಕ್ಟರುಗಳು ಈ ಕಾಯಿಲೆಯನ್ನು ಪುಸ್ತಕದಲ್ಲಿ ಮಾತ್ರ ನೋಡಿರುತ್ತಾರೆ.

ಹೀರೆಬಳ್ಳಿ:

ಡಾಕ್ಟರೇ, ತುಂಬಾ ಉಪಕಾರವಾಯಿತು. ನಿಮ್ಮ ಪೋಸ್ಟನ್ನು ಅತ್ತೆಗೆ ಓದಿ ಹೇಳಿದೆ. "ಹುಬ್ಬಳ್ಳಿ ಡಾಕ್ಟರು ಹೇಳಿದಾರಾ" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಇವತ್ತು ಕೈಗವಸು ಹಾಕಿಕೊಂಡು ಹಿತ್ತಲಿಗೆ ಇಳಿದಿದ್ದಾರೆ.

ಈಗ ಉಳಿದದ್ದು ಲಾನ್. ಮನೆಮಾಲೀಕರ ಸಂಘದಿಂದ ಆಗಲೇ ಪತ್ರ ಬಂದಿದೆ, ಹುಲ್ಲು ಸರಿಮಾಡಿ ಅಂತ. ಪಕ್ಕದವರು ನುಸಿಗುಳಿಗೆ ಎರಚಿ ಅನ್ನುತ್ತಾರೆ. ಬೋನು ಇಟ್ಟು ಹಿಡಿದು ದೂರದ ಪಾರ್ಕಿಗೆ ಬಿಟ್ಟು ಬರೋಣ ಅಂತ ನಮ್ಮವರು. ಯಾವುದು ಸರಿ?

ನ್ಯಾಶ್‌ವಿಲ್ ರಾಮಣ್ಣ:

ಕೀಟನಾಶಕವೂ ಸೇರಿ ಮೂರೂ ಬೇಡ ತಾಯಿ.

ನುಸಿಗುಳಿಗೆ ಇದನ್ನು ಓಡಿಸುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಅದು ವಿಷ, ಮಗು ಬೇರೆ ಆಡುವ ಜಾಗ ಅಂತೀರಿ. ಮೆಣಸಿನಪುಡಿ, ನಾಯಿಕೂದಲು, ರೇಡಿಯೊ ಹಾಡು, ಎಲ್ಲ ಅದೇ ಕಥೆ. ಲಾನಿಗೆ ಕೀಟನಾಶಕ ಹೊಡೆಸಿದರೆ ಗೊಣ್ಣೆಹುಳ ಸಾಯಬಹುದು. ಆದರೆ ಇದು ಅದೊಂದನ್ನೇ ತಿನ್ನುವುದಿಲ್ಲ, ಎರೆಹುಳ, ಇರುವೆ, ಜೀರುಂಡೆ, ಸಿಕ್ಕಿದ್ದೆಲ್ಲ. ನಿಮ್ಮ ದುಡ್ಡೂ ಹೋಗುತ್ತದೆ, ಎರೆಹುಳವೂ ಹೋಗುತ್ತದೆ, ಅದು ಬರುವುದು ನಿಲ್ಲುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಬಂದವರನ್ನು ಕೇಳಿ ನೋಡಿ, ಬರೆದುಕೊಡುತ್ತಾರಾ ಅಂತ.

ದೂರ ಬಿಟ್ಟು ಬರುವುದು ಬಹಳ ರಾಜ್ಯಗಳಲ್ಲಿ ಕಾನೂನಿಗೇ ವಿರುದ್ಧ. ಈಗ ತಾನೇ ಡಾಕ್ಟರು ಹೇಳಿದ್ದು ಕೇಳಿದಿರಲ್ಲ, ಕಾಯಿಲೆಯೂ ಜೊತೆಗೆ ಹೋಗುತ್ತದೆ. ಇವತ್ತು ಯಾರೋ ಒಬ್ಬ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮೂವತ್ತು ಮೈಲಿ ಆಚೆ ಬಿಟ್ಟರೆ, ಅದು ತಾನಾಗಿ ಕಮ್ಮಿ ಎಂದರೂ ಐದು ವರ್ಷ ನಡೆಯಬೇಕಾದ ದಾರಿ ಒಂದೇ ಸಂಜೆಗೆ ಮುಗಿಯಿತು. ಹೀಗೆ ಹರಡಿದ್ದೂ ಸಾಕಷ್ಟಿದೆ. ನಿಮ್ಮ ರಾಜ್ಯದಲ್ಲಿ ಇದರ ಬೇಟೆಗೆ ವರ್ಷವಿಡೀ ಅವಕಾಶ ಇದೆ, ಆದರೆ ಬೋನಿಗೆ, ಊರೊಳಗೆ ಬಂದೂಕಿಗೆ ನಿಯಮ ಬೇರೆ. ವನ್ಯಜೀವಿ ಇಲಾಖೆಗೆ ಒಂದು ಫೋನ್ ಮಾಡಿ ಕೇಳಿಯೇ ಮುಂದುವರಿಯಿರಿ.

ಏನು ಮಾಡಬೇಕು ಅಂದರೆ, ಮೊದಲು ನೀರು ಕಡಿಮೆ ಮಾಡಿ. ನಿಮ್ಮ ಕಡೆ ಗಟ್ಟಿ ಕೆಂಪು ಜೇಡಿಮಣ್ಣು, ಒಣಗಿದರೆ ಅದಕ್ಕೆ ಅಗೆಯುವುದು ಕಷ್ಟ. ಸುತ್ತಲಿನ ನೆಲವೆಲ್ಲ ಕಲ್ಲಾಗಿರುವಾಗ ದಿನಾ ಸ್ಪ್ರಿಂಕ್ಲರ್ ಬಿಟ್ಟ ನಿಮ್ಮ ಲಾನ್ ಅದಕ್ಕೆ ಊಟದ ಎಲೆ ಹಾಕಿಟ್ಟ ಹಾಗೆ. ಮೆತ್ತಗಿನ ಮಣ್ಣು, ಮೇಲ್ಗಡೆಯೇ ಹುಳ. ಎರಡನೆಯದು, ಹೀರೆ ಚಪ್ಪರಕ್ಕೆ, ಸೊಪ್ಪಿನ ಮಡಿಗೆ ಬೇಲಿ. ಎರಡಡಿ ಎತ್ತರ ಸಾಕು. ಆದರೆ ನೆಲದೊಳಗೆ ಒಂದೂವರೆ ಅಡಿ ಹೂಳಬೇಕು, ಇಲ್ಲದಿದ್ದರೆ ಕೆಳಗಿಂದ ನುಸುಳುತ್ತದೆ. ಇಡೀ ಲಾನಿಗೆ ಬೇಲಿ ಹಾಕುವ ಯೋಚನೆ ಬಿಡಿ. ತರಕಾರಿಯನ್ನು ಅದು ತಿನ್ನುವುದಿಲ್ಲ, ಬೇರು ಕೆದರಿ ಹಾಕುವುದಷ್ಟೇ ತೊಂದರೆ.

ಮನೆಯ ತಳಪಾಯದ ಹತ್ತಿರ, ಡೆಕ್ ಕೆಳಗೆ, ಎಸಿ ಪೆಟ್ಟಿಗೆ ಹಿಂದೆ ಒಮ್ಮೆ ಸುತ್ತಿ ನೋಡಿ. ಏಳೆಂಟು ಇಂಚು ಅಗಲದ ಬಿಲ ಇದ್ದರೆ ಅದು ಗಂಭೀರ, ಹದಿನೈದು ಅಡಿವರೆಗೂ ಒಳಗೆ ಹೋಗಿರುತ್ತದೆ. ಲಾನಿನ ಗುಂಡಿಗೆ ಮಣ್ಣು ತುಂಬಿ ತುಳಿದರೆ ಸಾಕು, ಹುಲ್ಲು ಕೂಡಿಕೊಳ್ಳುತ್ತದೆ. ತಳಪಾಯದ ಕೆಳಗಿನ ಬಿಲಕ್ಕೆ ಮಾತ್ರ ಅನುಮತಿ ಇರುವ ಬೋನಿನವರನ್ನು ಕರೆಸಿ. ಬರುವವನು ಬೋನಿನೊಳಗೆ ಹಣ್ಣು, ಮೊಟ್ಟೆ ಇಡುತ್ತಾನೆ ಅಂದರೆ ಅವನಿಗೆ ಕೆಲಸ ಬರುವುದಿಲ್ಲ ಅಂತ ತಿಳಿಯಿರಿ. ಇದು ಅಂಥ ತಿಂಡಿಗೆ ಬರುವುದಿಲ್ಲ. ಕಣ್ಣು ಮಂದ, ಗೋಡೆ ಬೇಲಿ ಪಕ್ಕದಲ್ಲೇ ಮೂಸುತ್ತಾ ಓಡಾಡುತ್ತದೆ. ಆ ದಾರಿಗೆ ಬೋನು ಇಟ್ಟು ಬಾಯಿಯ ಎರಡೂ ಕಡೆ ಹಲಗೆ ನಿಲ್ಲಿಸಿ ದಾರಿ ಕಿರಿದು ಮಾಡುತ್ತಾ ಬಂದರೆ ಅದೇ ಹೋಗಿ ಬೀಳುತ್ತದೆ. ಮೊದಲು ಇನ್ನೊಂದು ಆರ್ಮಡಿಲ್ಲೊ ಬಿದ್ದಿದ್ದ ಬೋನಾದರೆ ಆ ವಾಸನೆಗೆ ಇನ್ನೂ ಬೇಗ.

ಒಂದನ್ನು ಹಿಡಿದರೆ ಮುಗಿಯಿತು ಅಂದುಕೊಳ್ಳಬೇಡಿ, ಜಾಗ ಖಾಲಿಯಾದರೆ ಇನ್ನೊಂದು ಬರುತ್ತದೆ. ನಾವು ಇಲ್ಲಿ ಒಂದು ಮೂಲೆ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಸೋಮವಾರಪೇಟೆ ಹುಡುಗ:

ಓದುತ್ತಾ ಇದ್ದರೆ ನಮ್ಮ ಕಡೆಯ ಆಫ್ರಿಕನ್ ಬಸವನಹುಳ ನೆನಪಾಯಿತು. ಅದನ್ನೂ ಯಾರೋ ಬ್ರಿಟಿಷ್ ಸಾಹೇಬ 1847ರಲ್ಲಿ ಕಲ್ಕತ್ತಾಗೆ ತಂದು ಬಿಟ್ಟನಂತೆ. ಈಗ ಮಳೆ ಶುರುವಾದರೆ ನಮ್ಮ ಕಾಫಿ ತೋಟಗಳಲ್ಲಿ ಚೀಲಗಟ್ಟಲೆ ಆರಿಸಿ ಉಪ್ಪು ಹಾಕುತ್ತೇವೆ. ಹಾಗಾದರೆ ಆರ್ಮಡಿಲ್ಲೊ ಕೂಡ ಅದೇ ಥರ ಹೊರಗಿನ ಪೀಡೆ ಅಂತಲೇ ಲೆಕ್ಕವಾ? ಕೊಲ್ಲಬೇಕಾ ಬಿಡಬೇಕಾ ಅಂತ ಅಲ್ಲಿನ ಸರ್ಕಾರ ಏನು ಹೇಳುತ್ತದೆ?

ನಕ್ಷೆಹುಚ್ಚ:

ಬಸವನಹುಳವನ್ನು ಸಮುದ್ರ ದಾಟಿಸಿ ತಂದದ್ದು, ತಾನಾಗಿ ಬರಲು ಸಾಧ್ಯವೇ ಇರಲಿಲ್ಲ. ಇದು ಪಕ್ಕದ ದೇಶದಿಂದ ನಡೆದು ಬಂದದ್ದು. ಹಾಗಾಗಿ ಹೆಚ್ಚಿನ ಕಡೆ ಇದನ್ನು ಆ ಪಟ್ಟಿಗೆ ಸೇರಿಸುವುದಿಲ್ಲ, ತನ್ನ ಎಲ್ಲೆ ತಾನೇ ಹಿಗ್ಗಿಸಿಕೊಳ್ಳುತ್ತಿರುವ ಪ್ರಾಣಿ ಅಂತ ನೋಡುತ್ತಾರೆ. ಫ್ಲೋರಿಡಾದಲ್ಲಿ ಮಾತ್ರ ಆ ವಾದ ಸ್ವಲ್ಪ ಕುಂಟುತ್ತದೆ, ಯಾಕೆ ಅಂತ ಮೇಲೆ ಬರೆದಿದ್ದೇನೆ. ಅಲ್ಲಿ ಇದು ಕಡಲಾಮೆಗಳ ಗೂಡು ಕೆದಕಿ ಮೊಟ್ಟೆ ತಿನ್ನುತ್ತದೆ, ಅದು ನಿಜವಾದ ಹಾನಿ. ಇನ್ನೊಂದು ಕಡೆ, ಇದು ತೋಡಿ ಬಿಟ್ಟುಹೋದ ಬಿಲಗಳಲ್ಲಿ ಹಾವು, ಮೊಲ, ಸ್ಕಂಕ್ ಎಲ್ಲ ಸಂಸಾರ ಹೂಡುತ್ತವೆ. ಬೆಂಕಿ ಇರುವೆಯ ಗೂಡುಗಳನ್ನೂ ಬಗೆದು ತಿನ್ನುತ್ತದೆ. ಆ ಇರುವೆ ಕಚ್ಚಿಸಿಕೊಂಡವರು ಇದನ್ನು ಬೈಯುವ ಮೊದಲು ಯೋಚನೆ ಮಾಡಬೇಕು. ನನ್ನ ಮಟ್ಟಿಗೆ, ಕಡಲಾಮೆ ಇರುವ ತೀರಗಳಲ್ಲಿ ಹಿಡಿಯಲಿ, ಲಾನಿಗೋಸ್ಕರ ಕೊಲ್ಲುವುದು ಅತಿಯಾಯಿತು.

ಹೀರೆಬಳ್ಳಿ ಅವರೇ, ನಿಮ್ಮ ಕ್ಯಾಮೆರಾದ ವಿಡಿಯೊ ಅಳಿಸಬೇಡಿ. ನಾರ್ತ್ ಕ್ಯಾರೊಲೈನಾದ ವನ್ಯಜೀವಿ ಆಯೋಗದವರು ಎಲ್ಲೆಲ್ಲಿ ಕಾಣಿಸಿತು ಅಂತ ಜನರಿಂದಲೇ ಮಾಹಿತಿ ಕೇಳುತ್ತಾರೆ. ಐನ್ಯಾಚುರಲಿಸ್ಟ್ ಆ್ಯಪಿನಲ್ಲಿ ಅದಕ್ಕೇ ಒಂದು ಪುಟ ಇದೆ. ಫೋಟೊ, ದಿನಾಂಕ, ಜಾಗ ಹಾಕಿದರೆ ಸಾಕು. ರಸ್ತೆಯಲ್ಲಿ ಸತ್ತದ್ದು ಕಂಡರೂ ಹಾಕಬಹುದು. ಹೊಸ ಕೌಂಟಿಗಳಲ್ಲಿ ಎಷ್ಟೋ ಸಲ ಮೊದಲು ಕಾಣುವುದೇ ಅಂಥದ್ದು.

ಹೀರೆಬಳ್ಳಿ:

ಸ್ಪ್ರಿಂಕ್ಲರ್ ನಿಲ್ಲಿಸಿದೆವು. ಮನೆ ಸುತ್ತ ನೋಡಿದೆ, ತಳಪಾಯದ ಹತ್ತಿರ ಬಿಲ ಇಲ್ಲ, ಹಿಂದಿನ ಪೈನ್ ಮರಗಳ ಬುಡದಲ್ಲಿ ಒಂದು ಇದೆ, ಅದು ನಮ್ಮ ಜಾಗವೂ ಅಲ್ಲ. ರಾಮಣ್ಣ ಅವರೇ, ಬೇಲಿಗೆ ಕೋಳಿಗೂಡಿನ ಜಾಲರಿ ಆಗುತ್ತಾ, ಇಲ್ಲ ಗಟ್ಟಿ ತಂತಿಯೇ ಬೇಕಾ?

ನ್ಯಾಶ್‌ವಿಲ್ ರಾಮಣ್ಣ:

ಗಟ್ಟಿಯದೇ ತನ್ನಿ, ಕೋಳಿಜಾಲರಿ ಮಣ್ಣಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಹೂಳುವಾಗ ಕೆಳತುದಿಯನ್ನು ಹೊರಗಡೆಗೆ ಸ್ವಲ್ಪ ಬಗ್ಗಿಸಿ.